ಮಡಿ ಇರುವ ಮನೆಗೆ ಬೀದಿಯ ಮರಿ: ನಾಟಿ ನಾಯಿ ಸಾಕುವವರಿಗೆ

ಹಳೆ ಮೈಸೂರಿನ ಹಳ್ಳಿಯಾಗಲಿ, ಮಲೆನಾಡಿನ ಒಂಟಿಮನೆಯಾಗಲಿ, ನಾಯಿಯ ಜಾಗ ಎಲ್ಲರಿಗೂ ಗೊತ್ತಿತ್ತು. ಅದು ಹೊಸಿಲಿನಾಚೆ. ಜಗಲಿಯ ಕೆಳಗೆ ಮಲಗುತ್ತಿತ್ತು, ತಂಗಳು ತಿನ್ನುತ್ತಿತ್ತು, ರಾತ್ರಿ ಬೊಗಳುತ್ತಿತ್ತು. ಹಗಲಿಗೆ ಗದ್ದೆ, ತೋಟ, ಕೇರಿ ಎಲ್ಲ ಅದರದ್ದೇ. ಒಳಗೆ ಸೇರಿಸಿಕೊಳ್ಳದಿದ್ದರೂ ಅದಕ್ಕೆ ಕೊರತೆಯಿರಲಿಲ್ಲ, ಏಕೆಂದರೆ ಹೊರಗೆ ಊರೇ ಇತ್ತು.

ಈಗ ಹೊರಗೆ ಊರಿಲ್ಲ. ಮೂವತ್ತು-ನಲವತ್ತರ ಸೈಟು, ಕಬ್ಬಿಣದ ಗೇಟು, ಗೇಟಿನಾಚೆ ರಸ್ತೆ. ನಿಯಮ ಮಾತ್ರ ಹಳೆಯದೇ ಉಳಿದಿದೆ: ನಾಯಿ ಹೊರಗಿರಲಿ. ಈ ನಿಯಮಕ್ಕೂ ಗೇಟಿಗೂ ನಡುವೆ ಸಿಕ್ಕಿಕೊಂಡ ನಾಯಿ ಮೆಟ್ಟಿಲ ಕೆಳಗೆ ಎರಡು ಅಡಿ ಸರಪಳಿಯಲ್ಲಿ ಹತ್ತು ವರ್ಷ ಕಳೆಯುತ್ತದೆ. ಇದು ಸಂಪ್ರದಾಯವೂ ಅಲ್ಲ, ಸಾಕಣೆಯೂ ಅಲ್ಲ. ಮನೆಯ ಹಿರಿಯರ ಮಡಿಗೆ ಧಕ್ಕೆ ತರದೆಯೂ ನಾಯಿಯನ್ನು ಮರ್ಯಾದೆಯಿಂದ ಸಾಕಬಹುದು. ಅದಕ್ಕೆ ಬೇಕಾದ ಏರ್ಪಾಡು ಹೀಗೆ.

ಮೊದಲು ಮನೆಯವರು

ಮರಿಯನ್ನು ಎತ್ತಿಕೊಂಡು ಬಂದು ಆಮೇಲೆ ಒಪ್ಪಿಸಲು ಹೊರಡುವುದು ಬೇಡ. ಹಾಗೆ ಬಂದ ಮರಿಗಳೇ ಮೂರನೆಯ ವಾರಕ್ಕೆ ಮಾರುಕಟ್ಟೆಯ ಹತ್ತಿರವೋ ಊರಾಚೆಯ ಡಾಬಾದ ಮುಂದೆಯೋ ಇಳಿಯುತ್ತವೆ. ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು-ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ.

ಹಿರಿಯರ ಆಕ್ಷೇಪಣೆಯನ್ನು ಬಿಡಿಬಿಡಿಯಾಗಿ ಕೇಳಿಸಿಕೊಳ್ಳಿ. "ನಾಯಿ ಬೇಡ" ಎಂಬ ಒಂದು ಮಾತಿನೊಳಗೆ ಸಾಮಾನ್ಯವಾಗಿ ನಾಲ್ಕೈದು ಬೇರೆ ಬೇರೆ ಚಿಂತೆಗಳಿರುತ್ತವೆ: ದೇವರಮನೆಗೆ ಬಂದರೆ? ಅಡುಗೆಗೆ ಬಾಯಿ ಹಾಕಿದರೆ? ಒಗೆದ ಮಡಿಬಟ್ಟೆ ಮುಟ್ಟಿದರೆ? ಕೂದಲು ಮಗುವಿನ ಹೊಟ್ಟೆಗೆ ಹೋದರೆ? ಸಾಯಂಕಾಲ ಗಲೀಜು ಬಾಚುವವರು ಯಾರು? ಒಂದೊಂದಕ್ಕೂ ಒಂದೊಂದು ಉತ್ತರ ಇದೆ. ಮೊದಲ ಎರಡಕ್ಕೆ ಹೊಸಿಲಿನ ಪಾಠ. ಮಡಿಬಟ್ಟೆಗೆ ಆರಡಿ ಎತ್ತರದ ಗಳು ಅಥವಾ ಮಹಡಿಯ ಹಗ್ಗ. ಕೂದಲಿನ ವಿಷಯದಲ್ಲಿ ಭಯ ತಪ್ಪು ಜಾಗದಲ್ಲಿದೆ: ನುಂಗಿದ ಕೂದಲು ಮಲದಲ್ಲಿ ಹೋಗುತ್ತದೆ, ನಿಜವಾದ ಅಪಾಯ ನಾಯಿಯ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆ. ಅದಕ್ಕೆ ಮರಿಗೆ ವೇಳೆಗೆ ಸರಿಯಾಗಿ ಮಾತ್ರೆ, ಮಕ್ಕಳಿಗೆ ಊಟಕ್ಕೆ ಮುಂಚೆ ಸೋಪಿನ ಕೈತೊಳೆತ. ಇನ್ನು ಬಾಚುವವರು ಯಾರು ಎಂಬುದನ್ನು ಮರಿ ಬರುವ ಮುಂಚೆಯೇ ಹೆಸರು ಹಿಡಿದು ತೀರ್ಮಾನಿಸಿ. ಈ ಕೆಲಸ ಸದ್ದಿಲ್ಲದೆ ಸೊಸೆಯ ಅಥವಾ ಕೆಲಸದಾಕೆಯ ತಲೆಗೆ ಬೀಳುವ ಮನೆಗಳಲ್ಲಿ ನಾಯಿ ಹೆಚ್ಚು ಕಾಲ ಉಳಿಯುವುದಿಲ್ಲ.

ಹಿರಿಯರ ಜೊತೆ ಶಾಸ್ತ್ರದ ಮಾತು ಬಂದರೆ ಅವರದೇ ಶಾಸ್ತ್ರದಿಂದ ಮಾತಾಡಬಹುದು. ವೈಶ್ವದೇವದ ಬಲಿಯಲ್ಲಿ ನಾಯಿಗೂ ಒಂದು ಪಾಲಿದೆ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳಿವೆ, ಕಾಲಭೈರವನ ವಾಹನವೇ ನಾಯಿ, ಮೈಲಾರಲಿಂಗನ ಭಕ್ತರು ತಾವೇ ನಾಯಿಗಳಾಗಿ ಬೊಗಳಿ ದೋಣಿಯಲ್ಲಿಟ್ಟ ಪ್ರಸಾದ ತಿನ್ನುತ್ತಾರೆ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೆ ಗುಡಿಯೇ ಇದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಕ್ರಿ.ಶ. 949-50ರ ಆ ಶಾಸನದಲ್ಲಿ ಗಂಗರ ದೊರೆ ಬೂತುಗನಿಂದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಂದಿಗೆ ಕಾದಾಡಿ ಅದು ಸತ್ತಾಗ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವ (ಗುಡಿಯ ಪೂಜಾರಿ) ಊಟ ಮಾಡಕೂಡದೆಂದು ಬರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಅಂದರೆ ಮೈಲಿಗೆ ಎಂಬುದಷ್ಟೇ ನಮ್ಮ ಪರಂಪರೆ ಎನ್ನುವವರನ್ನು ಕರೆದೊಯ್ದು ಅದನ್ನು ತೋರಿಸಿ.

ಮರಿ ಯಾವುದು, ಯಾವಾಗ

ನಮ್ಮಲ್ಲಿ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲ ಮುಗಿಯುವ ಹೊತ್ತಿಗೆ, ಕಾರ್ತಿಕದ ಆಸುಪಾಸಿನಲ್ಲಿ ಬೆದೆಗೆ ಬರುತ್ತವೆ. ಗರ್ಭ ಸುಮಾರು 63 ದಿನ. ಹಾಗಾಗಿ ಚಳಿಗಾಲದಲ್ಲಿ ಬೀದಿ ತುಂಬ ಮರಿ. ಕಣ್ಣು ಬಿಟ್ಟು ಗುಂಡುಗುಂಡಾಗಿ ಓಡಾಡುವ ಮೂರು-ನಾಲ್ಕು ವಾರದ ಮರಿಯನ್ನು ಎತ್ತಿಕೊಂಡು ಬರುವುದು ವಾಡಿಕೆ. ಅದು ಬೇಗವಾಯಿತು. ಎಂಟು ವಾರ ತುಂಬುವ ತನಕ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಬಿಡಿ. ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಮರಿ ಆ ಕುಸ್ತಿಯಲ್ಲೇ ಕಲಿಯುತ್ತದೆ. ಬೇಗ ತಂದ ಮರಿ ಆರು ತಿಂಗಳಾದರೂ ಕೈ ಕಚ್ಚುತ್ತಲೇ ಇರುತ್ತದೆ, ಮನೆಯವರು "ಜಾತಿ ಬುದ್ಧಿ" ಎನ್ನುತ್ತಾರೆ. ತಾಯಿ ಸತ್ತಿದ್ದರೆ, ಮರಿ ರಸ್ತೆಯ ಅಪಾಯದಲ್ಲಿದ್ದರೆ ಮಾತ್ರ ಬೇರೆ ಮಾತು.

ಗಂಡೇ ಬೇಕೆಂದು ಹುಡುಕುವವರು ಬಹಳ, ಹೆಣ್ಣುಮರಿಗಳು ಚೀಲದಲ್ಲಿ ಕಟ್ಟಿ ಕೆರೆಯಂಚಿಗೆ ಹೋಗುತ್ತವೆ. ಹೆರುವ ಭಯವೇ ಕಾರಣವಾದರೆ ಒಂದು ಶಸ್ತ್ರಚಿಕಿತ್ಸೆಗೆ ಅದು ಮುಗಿಯಿತು. ಉಗುರು ಎಣಿಸುವವರೂ ಇದ್ದಾರೆ: ಮುಂದಿನ ಕಾಲುಗಳಲ್ಲಿ ಐದೈದು, ಹಿಂದಿನವುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಇರುವುದು ಸಾಮಾನ್ಯ. ಹಿಂಗಾಲಿಗೂ ಮೇಲುಗುರು ಇದ್ದರೆ 20. ಮೇಲುಗುರು ನೆಲಕ್ಕೆ ತಾಗದೆ ಸವೆಯುವುದಿಲ್ಲ, ಆಗಾಗ ಕತ್ತರಿಸದಿದ್ದರೆ ಸುತ್ತಿಕೊಂಡು ಚರ್ಮಕ್ಕೆ ನಾಟುತ್ತದೆ. ಆ ಎಣಿಕೆಯಿಂದ ತಿಳಿಯುವುದು ಇಷ್ಟೇ. ನೋಡಬೇಕಾದದ್ದು ಬೇರೆ: ಕಣ್ಣಲ್ಲಿ ಪಿಸುರಿಲ್ಲದಿರುವುದು, ಮಲ ಗಟ್ಟಿಯಾಗಿರುವುದು, ವಸಡು ಗುಲಾಬಿಯಾಗಿರುವುದು (ಬಿಳಿಚಿದ್ದರೆ ಹುಳು ಅಥವಾ ಉಣ್ಣೆಯಿಂದ ರಕ್ತ ಇಳಿದಿದೆ), ಚಪ್ಪಾಳೆ ತಟ್ಟಿದರೆ ಬೆಚ್ಚಿ ಮತ್ತೆ ಹತ್ತಿರ ಬರುವುದು.

ಹೆಸರು ಎರಡು-ಮೂರಕ್ಷರದ್ದಾದರೆ ಬೇಗ ಹತ್ತುತ್ತದೆ. ಕರಿಯ, ಕೆಂಚ, ಬೊಗ್ಗ ಎಲ್ಲ ಚೆನ್ನಾಗಿವೆ, ಊರಿಗೊಂದು ಟಾಮಿಯೇ ಆಗಬೇಕಿಲ್ಲ.

ಮೊದಲ ಹದಿನೈದು ದಿನ

ಮಲಗಲು ಗಾಳಿ ಬೀಸದ ಮೂಲೆ, ಒಂದು ಗೋಣಿಚೀಲದ ಮೇಲೆ ಹಳೆಯ ಹತ್ತಿ ಸೀರೆ. ಮನೆಯೊಳಗೆ ಬಿಡುವುದಿಲ್ಲವೆಂದಿದ್ದರೂ ಮೊದಲ ಎರಡು ವಾರ ಯಾರಾದರೊಬ್ಬರ ಉಸಿರು ಕೇಳುವಷ್ಟು ಹತ್ತಿರ ಮಲಗಿಸಿ: ಜಗಲಿಯ ಬಾಗಿಲ ಪಕ್ಕ, ಬಚ್ಚಲ ಮುಂದಿನ ಜಾಗ, ಯಾವುದಾದರೂ ಸರಿ. ಒಂಟಿಯಾಗಿ ಬಿಟ್ಟ ಮರಿ ರಾತ್ರಿಯಿಡೀ ಊಳಿಡುತ್ತದೆ. ನಾಯಿ ಊಳಿಟ್ಟರೆ ಸಾವು ಬರುತ್ತದೆಂದು ನಂಬುವ ಅಜ್ಜಿ ಇರುವ ಮನೆಯಲ್ಲಿ ಅಲ್ಲಿಗೆ ಮರಿಯ ಕಥೆ ಮುಗಿಯಿತು. ದೊಡ್ಡ ನಾಯಿ ಊಳಿಡುವುದಕ್ಕೂ ಕಾರಣಗಳು ಇಂಥವೇ. ಒಂಟಿತನ, ದೂರದ ಇನ್ನೊಂದು ನಾಯಿಗೆ ಉತ್ತರ, ಆಂಬುಲೆನ್ಸಿನ ಸೈರನ್ನು. ಕಾರಣ ಹುಡುಕಿ ಸರಿಪಡಿಸಿದರೆ ಊಳು ನಿಲ್ಲುತ್ತದೆ.

ಗೇಟಿನ ಸರಳುಗಳ ನಡುವೆ ಮೂರು ಇಂಚಿಗಿಂತ ಹೆಚ್ಚು ಸಂದು ಇದ್ದರೆ ಕೆಳಗಿನ ಒಂದೂವರೆ ಅಡಿಗೆ ಜಾಲರಿ ಕಟ್ಟಿ. ಮೊದಲ ವಾರ ಕಳೆದುಹೋಗುವ ಮರಿಗಳು ಹೋಗುವುದು ಆ ಸಂದಿನಲ್ಲೇ.

ಎರಡನೆಯ ದಿನವೇ ಪಶುವೈದ್ಯರಲ್ಲಿ ತೂಕ ಹಾಕಿಸಿ. ಜಂತುಹುಳು ಮಾತ್ರೆಯ ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಅಂದಾಜಿನಲ್ಲಿ ಅರ್ಧ-ಮುಕ್ಕಾಲು ಮಾತ್ರೆ ಹಾಕಬೇಡಿ. ಮೂರು ತಿಂಗಳ ತನಕ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳ ತನಕ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ.

ಲಸಿಕೆಯಲ್ಲಿ ಜನ ಎಡವುವುದು ಒಂದೇ ಕಡೆ: ಒಂದು ಚುಚ್ಚುಮದ್ದು ಹಾಕಿಸಿ "ಆಯ್ತು" ಎಂದು ನಿಲ್ಲಿಸುವುದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವ ತನಕ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಆ ರಕ್ಷಣೆ ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಆರರಿಂದ ಎಂಟನೆಯ ವಾರದಲ್ಲಿ ಶುರುಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೂ ಡಿಸ್ಟೆಂಪರ್-ಪಾರ್ವೊ ಲಸಿಕೆ ಮುಂದುವರಿಸುವುದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಮತ್ತೊಂದು ವೈದ್ಯರು ಹೇಳಿದ ದಿನ, ಆಮೇಲೆ ಪ್ರತಿವರ್ಷ ತಪ್ಪದೆ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಮತ್ತು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತಮುತ್ತ ಹಲವೆಡೆ ಉಚಿತವಾಗಿ ಹಾಕುತ್ತಾರೆ.

ಮರಿ ವಾಂತಿ ಮಾಡಿ, ರಕ್ತ ಮಿಶ್ರಿತ, ಕೆಟ್ಟ ನಾತದ ಭೇದಿ ಶುರುವಾದರೆ ಪಾರ್ವೊ ಇರಬಹುದು. ಮಜ್ಜಿಗೆ, ಮೆಂತ್ಯ, ದಾಳಿಂಬೆ ಸಿಪ್ಪೆ ಎನ್ನುತ್ತಾ ಒಂದು ದಿನ ಕಳೆದರೆ ಮರಿ ಉಳಿಯುವುದು ಕಷ್ಟ. ಅದನ್ನು ಕೊಲ್ಲುವುದು ಹೆಚ್ಚಾಗಿ ನೀರಿನಂಶ ಇಳಿಯುವುದು, ಡ್ರಿಪ್ಪು ಬೇಕೇ ಬೇಕು. ಆ ಮನೆಯ ನೆಲಕ್ಕೆ ಫಿನಾಯಿಲ್ ಸಾಲದು. ಬ್ಲೀಚಿಂಗ್ ದ್ರಾವಣ ಒಂದು ಪಾಲಿಗೆ ನೀರು ಮೂವತ್ತು ಪಾಲು ಸೇರಿಸಿ, ಹತ್ತು ನಿಮಿಷ ನೆಲದ ಮೇಲೆ ನಿಲ್ಲಿಸಿ ತೊಳೆಯಬೇಕು. ಮಣ್ಣಿನಲ್ಲಿ ಆ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ಹಿಂದಿನ ಮರಿ ಪಾರ್ವೊದಿಂದ ಸತ್ತ ಹಿತ್ತಿಲಿಗೆ ಲಸಿಕೆ ಮುಗಿಯದ ಹೊಸ ಮರಿಯನ್ನು ತರಲೇಬಾರದು.

ಹೊಸಿಲಿನ ಪಾಠ

ಅಡುಗೆಮನೆ ಮತ್ತು ದೇವರಮನೆಯ ಹೊಸಿಲು ದಾಟದಿರುವುದನ್ನು ನಾಟಿ ನಾಯಿ ಅಚ್ಚರಿಯಾಗುವಷ್ಟು ಚೆನ್ನಾಗಿ ಕಲಿಯುತ್ತದೆ. ನಮ್ಮ ಮನೆಗಳಲ್ಲಿ ಹೊಸಿಲು ಎದ್ದು ಕಾಣುವ ಒಂದು ಪಟ್ಟಿ, ಕಲಿಸಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಟೈಲ್ಸ್ ಮನೆಯಲ್ಲಿ ಹೊಸಿಲಿಲ್ಲದಿದ್ದರೆ ನೆಲಕ್ಕೆ ಎರಡಿಂಚು ಅಗಲದ ಬಣ್ಣದ ಟೇಪು ಅಂಟಿಸಿ.

ಬೇಕಾದದ್ದು ಐದಡಿಯ ಬಟ್ಟೆ ಹಗ್ಗ, ಕಡಲೆಬೀಜದಷ್ಟು ಗಾತ್ರದ ತಿಂಡಿ ಚೂರುಗಳು. ಮೊಟ್ಟೆ ಬಳಸದ ಮನೆಯಲ್ಲಿ ಪನೀರು, ಬೇಯಿಸಿದ ಗಜ್ಜರಿ, ಒಣ ಚಪಾತಿ ನಡೆಯುತ್ತದೆ.

1. ಮರಿಯನ್ನು ಹಗ್ಗದಲ್ಲಿ ಹೊಸಿಲಿನ ಹತ್ತಿರ ತನ್ನಿ. ನೀವು ದಾಟಿ ಒಳಗೆ ನಿಲ್ಲಿ. ಅದು ಹಿಂದೆ ಬರಲು ಕಾಲೆತ್ತಿದ ಕೂಡಲೇ "ನಿಲ್ಲು" ಎಂದು ಒಂದೇ ಸಲ ಹೇಳಿ, ನಿಮ್ಮ ಮೈಯನ್ನೇ ಅಡ್ಡ ಇಟ್ಟು ದಾರಿ ಮುಚ್ಚಿ. ಎಳೆಯಬೇಡಿ, ಹೊಡೆಯಬೇಡಿ.

2. ನಾಲ್ಕೂ ಕಾಲು ಆಚೆ ಇದ್ದ ಕ್ಷಣ ತಿಂಡಿಯನ್ನು ಹೊಸಿಲಿನ ಆಚೆಗೆ, ಅದರ ಮುಂದೆ ಇಡಿ. ಎಂದಿಗೂ ಒಳಗಿನಿಂದ ಕೈ ಚಾಚಿ ಬಾಯಿಗೆ ಕೊಡಬೇಡಿ. ಹಾಗೆ ಕೊಟ್ಟರೆ ಒಳಗೆ ಬಾಗುವುದನ್ನು ಕಲಿಸಿದಂತೆ.

3. ಐದು ನಿಮಿಷ, ದಿನಕ್ಕೆ ಮೂರು ಸಲ. ಮೊದಲು ಎರಡು ಸೆಕೆಂಡು ನಿಲ್ಲುವುದು, ಆಮೇಲೆ ಹತ್ತು, ಆಮೇಲೆ ನೀವು ಬೆನ್ನು ತಿರುಗಿಸಿ ಪಾತ್ರೆ ಎತ್ತುವಷ್ಟು ಹೊತ್ತು.

4. ಕೊನೆಗೆ ಒಗ್ಗರಣೆಯ ಹೊತ್ತು, ಮಂಗಳಾರತಿಯ ಹೊತ್ತು. ಗಂಟೆ, ವಾಸನೆ, ಜನರ ಓಡಾಟ ಎಲ್ಲ ಇರುವಾಗ ನಿಂತರೆ ಪಾಠ ಮುಗಿಯಿತು. ಅದುವರೆಗೆ ಎರಡೂವರೆ ಅಡಿಯ ಅಡ್ಡಗೇಟು ಇರಲಿ.

ಇದು ಕೆಡುವುದು ನಾಯಿಯಿಂದಲ್ಲ. ಮೊಮ್ಮಗ ಒಂದು ದಿನ ಎತ್ತಿಕೊಂಡು ಅಡುಗೆಮನೆಗೆ ಬರುತ್ತಾನೆ, ಮಗಳು ಹಬ್ಬದ ದಿನ "ಪಾಪ" ಎಂದು ಒಳಗೆ ಕರೆದು ಕೋಸಂಬರಿ ಹಾಕುತ್ತಾಳೆ. ನಾಯಿಗೆ "ಒಮ್ಮೊಮ್ಮೆ" ಎಂಬುದು ಅರ್ಥವಾಗುವುದಿಲ್ಲ. ಒಳಗೆ ಯಾವಾಗಲೂ ಇಲ್ಲ ಅಥವಾ ಯಾವಾಗಲೂ ಉಂಟು, ಇವೆರಡೇ ಅದಕ್ಕೆ ಗೊತ್ತು.

ಮಲಮೂತ್ರದ ಅಭ್ಯಾಸವೂ ಇದೇ ಬಗೆ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಹದಿನೈದು-ಇಪ್ಪತ್ತು ನಿಮಿಷಕ್ಕೆ, ಆಟ ಮುಗಿದ ತಕ್ಷಣ ಗೊತ್ತಾದ ಜಾಗಕ್ಕೆ ಕರೆದೊಯ್ಯಿರಿ, ಮುಗಿಸಿದ ಮೇಲೆ ಅಲ್ಲೇ ತಿಂಡಿ ಕೊಡಿ. ಮರಿ ಎಷ್ಟು ತಿಂಗಳದ್ದೋ ಅದಕ್ಕೆ ಒಂದು ಕೂಡಿಸಿದಷ್ಟು ಗಂಟೆ ಹೆಚ್ಚೆಂದರೆ ತಡೆದುಕೊಳ್ಳುತ್ತದೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಗಲೀಜಿಗೆ ಮೂತಿ ಒತ್ತುವ ಹಳೆಯ ಶಿಕ್ಷೆಯಿಂದ ಅದು ಕಲಿಯುವುದು ಒಂದೇ, ನಿಮಗೆ ಕಾಣದ ಹಾಗೆ ಸೋಫಾ ಹಿಂದೆ ಮಾಡುವುದು. ಮಾಡಿದ ಜಾಗವನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ. ವಾಸನೆ ಉಳಿದರೆ ಅದೇ ಜಾಗಕ್ಕೆ ಮತ್ತೆ ಬರುತ್ತದೆ. ಗಂಡುಮರಿ ಆರು ತಿಂಗಳ ನಂತರ ಕಾಲೆತ್ತಲು ಶುರುಮಾಡಿದಾಗ ಅದರ ಕಣ್ಣಿಗೆ ಮೊದಲು ಬೀಳುವುದು ಅಂಗಳದ ನಡುವೆ ನಿಂತ ತುಳಸಿಕಟ್ಟೆ. ಅದರ ಸುತ್ತ ಎರಡಡಿ ದೂರಕ್ಕೆ ಮೊದಲೇ ಬೇಲಿ ಕಟ್ಟಿಬಿಡಿ.

ಸಸ್ಯಾಹಾರಿ ಮನೆಯಲ್ಲಿ ಊಟ

ಅನ್ನ-ಹಾಲು ನಾಯಿಯ ಊಟ ಎಂಬ ನಂಬಿಕೆ ಬಹಳ ಆಳವಾದದ್ದು, ಬಹಳ ಹಾನಿ ಮಾಡಿದ್ದು. ಹಾಲು ಬಿಟ್ಟ ಮೇಲೆ ಹೆಚ್ಚಿನ ನಾಯಿಗಳಿಗೆ ಹಸುವಿನ ಹಾಲಿನ ಸಕ್ಕರೆ ಅರಗುವುದಿಲ್ಲ, ಸಡಿಲ ಭೇದಿಯಾಗುತ್ತದೆ. ಬರೀ ಅನ್ನದಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನಿಲ್ಲ, ಸುಣ್ಣದಂಶವಿಲ್ಲ. ಹೊಟ್ಟೆ ಊದಿ, ಮುಂಗಾಲು ಬಿಲ್ಲಿನಂತೆ ಬಾಗಿದ ಮರಿಗಳು ಬೇಕಾದಷ್ಟು ಕಾಣಸಿಗುತ್ತವೆ. ಮೊಸರನ್ನ, ರಾಗಿ ಮುದ್ದೆ ಕೆಟ್ಟದ್ದಲ್ಲ, ಆದರೆ ಅದು ಊಟದ ಒಂದು ಭಾಗ ಮಾತ್ರ.

ಮೊದಲ ಒಂದು ವರ್ಷ ಪೊಟ್ಟಣದ ಮರಿ-ಆಹಾರವನ್ನೇ ಮುಖ್ಯವಾಗಿಡುವುದು ಸುರಕ್ಷಿತ. ಮೂಳೆ ಬೆಳೆಯುವಾಗ ಸುಣ್ಣದಂಶ ಕಡಿಮೆಯಾದರೂ ತೊಂದರೆ, ಮನಸ್ಸಿಗೆ ಬಂದಂತೆ ಕ್ಯಾಲ್ಸಿಯಂ ಟಾನಿಕ್ ಸುರಿದರೂ ತೊಂದರೆ. ಅದರಲ್ಲಿ ಮಾಂಸದಂಶ ಇರುತ್ತದೆಂಬುದು ಮನೆಯವರಿಗೆ ಅಡ್ಡಿಯಾದರೆ ಡಬ್ಬಿಯನ್ನು ಜಗಲಿಯಲ್ಲಿಡಿ, ತಟ್ಟೆಯನ್ನು ಹಿತ್ತಿಲ ನಲ್ಲಿಯಲ್ಲೇ ತೊಳೆಯಿರಿ. ಸಂಪೂರ್ಣ ಸಸ್ಯಾಹಾರಿ ಪೊಟ್ಟಣಗಳೂ ಸಿಗುತ್ತವೆ. ನಾಯಿ ಅದರಲ್ಲಿ ಬದುಕಬಲ್ಲದು, ಆದರೆ ಪೊಟ್ಟಣದ ಮೇಲೆ ಸಂಪೂರ್ಣ ಆಹಾರ ಎಂದಿರಬೇಕು, ಆರು ತಿಂಗಳಿಗೊಮ್ಮೆ ವೈದ್ಯರ ಕಣ್ಣು ಬೀಳಬೇಕು. ಬೆಕ್ಕಿಗೆ ಮಾತ್ರ ಈ ಪ್ರಯೋಗ ಬೇಡ, ಮಾಂಸದಲ್ಲಿರುವ ಟಾರಿನ್ ಸಿಗದೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಎರಡರಿಂದ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಮಾಂಸ ಬೇಯಿಸುವ ಮನೆಯಾದರೆ 15 ಕೆಜಿಯ ಬೆಳೆದ ನಾಯಿಗೆ ಒಂದು ದಿನಕ್ಕೆ 100 ಗ್ರಾಂ ಅಕ್ಕಿಯ ಅನ್ನ, 200 ಗ್ರಾಂ ಮೂಳೆಯಿಲ್ಲದ ಕೋಳಿಮಾಂಸ, ಒಂದು ಹಿಡಿ ಕುಂಬಳ ಅಥವಾ ಗಜ್ಜರಿ, ಒಂದು ಚಮಚ ಎಣ್ಣೆ, ಉಪ್ಪು-ಖಾರ ಬೇಡ. ಇದಕ್ಕೆ ಸೇರಿಸುವ ಕ್ಯಾಲ್ಸಿಯಂ, ವಿಟಮಿನ್ ಪುಡಿಯ ಅಳತೆ ವೈದ್ಯರದು. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಪ್ರಮಾಣ ಹೆಚ್ಚು-ಕಡಿಮೆ ಮಾಡುವುದು ಅದನ್ನು ನೋಡಿಕೊಂಡು.

ನಮ್ಮ ಅಡುಗೆಯಲ್ಲಿ ನಾಯಿಗೆ ವಿಷವಾಗುವಂಥವು ಕೆಲವು ಕೈಯಳತೆಯಲ್ಲೇ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ. ನಿನ್ನೆಯ ಹುಳಿ, ಪಲ್ಯ, ಸಾರು ಕಲೆಸಿದ ಅನ್ನ ಅದಕ್ಕೇ ಬೇಡ. ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ, ಅಂದರೆ ಹಬ್ಬದ ಪಾಯಸ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಪ್ರಸಾದವೆಂದು ನಾಯಿಗೆ ಹಾಕುವಂತಿಲ್ಲ. ಚಾಕೊಲೇಟು, ಕಾಫಿ ಚರಟ ಕೂಡ. ಭಾನುವಾರದ ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಕುರಿಯ ಹಸಿ ಕರುಳು, ಈಲಿ ಬೀಳದಂತೆ ನೋಡಿಕೊಳ್ಳಿ, ಅದರಿಂದ ನಾಯಿಗೆ ಹತ್ತುವ ಒಂದು ಬಗೆಯ ಲಾಡಿಹುಳು ಮನುಷ್ಯರ ಈಲಿಯಲ್ಲಿ ನೀರುಗಂಟು ಕಟ್ಟಿಸುತ್ತದೆ.

ಉಣ್ಣೆ

ಉಣ್ಣೆ, ಮಲೆನಾಡಿನ ಮಾತಲ್ಲಿ ಉಣುಗು. ವಾರಕ್ಕೆರಡು ಸಲ ಕಿವಿಯೊಳಗೆ, ಕೊರಳಪಟ್ಟಿಯ ಕೆಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕಿ. ಚಿಮುಟದಲ್ಲಿ ಚರ್ಮಕ್ಕೆ ತಾಗುವಷ್ಟು ಬುಡಕ್ಕೆ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಿ, ಉಗುರಲ್ಲಿ ಜಜ್ಜಬೇಡಿ. ಸೀಮೆಎಣ್ಣೆ, ಗಾಡಿಯ ಹಳೆ ಆಯಿಲ್ ಚರ್ಮ ಸುಡುತ್ತವೆ. ದನಕ್ಕೆ ತಂದ ಉಣ್ಣೆ ಔಷಧಿಯನ್ನು ಅಳತೆಯಿಲ್ಲದೆ ನಾಯಿಯ ಬೆನ್ನಿಗೆ ಸುರಿಯುವುದು ಹಳ್ಳಿಗಳಲ್ಲಿ ತೀರ ಸಾಮಾನ್ಯ. ನಾಯಿ ಅದನ್ನು ನೆಕ್ಕಿ, ಜೊಲ್ಲು ಸುರಿಸಿ, ನಡುಗಿ ಸಾಯುತ್ತದೆ. ನಾಯಿಗೆಂದೇ ತೂಕದ ಮೇಲೆ ಕೊಡುವ ಮಾತ್ರೆ, ಬೆನ್ನಿಗೆ ಹಾಕುವ ಹನಿ ಇವೆ. ಉಣ್ಣೆ ಮೇಲಕ್ಕೆ ಹತ್ತಿ ಗೋಡೆ ಬಿರುಕಿನಲ್ಲಿ ಮೊಟ್ಟೆಯಿಡುವುದರಿಂದ ನಾಯಿಗೆ ಔಷಧಿ ಹಾಕಿ ಗೋಡೆ ಬಿಟ್ಟರೆ ತಿಂಗಳಿಗೆ ಮತ್ತೆ ಅಷ್ಟೇ. ಬಿರುಕಿಗೆ ಸಿಮೆಂಟು ಮೆತ್ತಿ, ಹಾಸನ್ನು ಕುದಿನೀರಿನಲ್ಲಿ ಒಗೆಯಿರಿ. ನಾಯಿ ಊಟ ಬಿಟ್ಟು, ಮಂಕಾಗಿ, ಮೂಗಲ್ಲಿ ರಕ್ತ ಬಂದರೆ ಅಥವಾ ವಸಡು ಬಿಳಿಚಿದರೆ ಉಣ್ಣೆ ಜ್ವರ ಇರಬಹುದು. ಅಂದೇ ರಕ್ತಪರೀಕ್ಷೆ ಮಾಡಿಸಿ. ಜ್ವರಕ್ಕೆ ನಿಮ್ಮ ಮಾತ್ರೆಡಬ್ಬಿಯಿಂದ ಏನನ್ನೂ ಕೊಡಬೇಡಿ.

ಸರಪಳಿ ಮತ್ತು ಛೂ

"ಕಟ್ಟಿಹಾಕಿದರೆ ಜೋರಾಗುತ್ತದೆ" ಎಂದು ಬೇಕೆಂದೇ ಹಗಲೆಲ್ಲ ಕಟ್ಟುವವರಿದ್ದಾರೆ. ಜೋರಾಗುವುದು ನಿಜ, ಕಾರಣ ಕೇಳಿ. ಭಯವಾದಾಗ ನಾಯಿಗಿರುವ ಎರಡು ದಾರಿಗಳಲ್ಲಿ ಓಡಿಹೋಗುವುದನ್ನು ಸರಪಳಿ ಕಿತ್ತುಕೊಳ್ಳುತ್ತದೆ, ಕಚ್ಚುವುದೊಂದೇ ಉಳಿಯುತ್ತದೆ. ಅಂಥ ನಾಯಿ ಕಳ್ಳನನ್ನೂ ಕಚ್ಚುತ್ತದೆ, ಚೆಂಡು ಹೆಕ್ಕಲು ಬಂದ ಪಕ್ಕದ ಮನೆಯ ಹುಡುಗನನ್ನೂ ಕಚ್ಚುತ್ತದೆ. ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು ಎರಡನ್ನೂ 1960ರ ಕಾಯ್ದೆಯೇ ಹಿಂಸೆ ಎಂದು ಹೆಸರಿಸಿದೆ.

ಗೇಟು ಭದ್ರವಿದ್ದರೆ ಅಂಗಳದಲ್ಲಿ ಬಿಟ್ಟೇ ಇರಲಿ. ಕಟ್ಟಲೇಬೇಕಾದ ಹೊತ್ತಿಗೆ ಎರಡು ಕಂಬಗಳ ನಡುವೆ ಆರಡಿ ಎತ್ತರದಲ್ಲಿ ಬಿಗಿಯಾಗಿ ತಂತಿ ಎಳೆದು, ಅದರಲ್ಲಿ ಜಾರುವ ಉಂಗುರಕ್ಕೆ ಹಗುರದ ಹಗ್ಗ ಕಟ್ಟಿ. ಕೊರಳಿಗಲ್ಲ, ಎದೆಪಟ್ಟಿಗೆ. ನೆರಳು ಮತ್ತು ನೀರು ತಂತಿಯ ಒಳಗೇ ಸಿಗುವಂತಿರಲಿ, ಸುತ್ತಿಕೊಳ್ಳುವ ಗಿಡ ಇರದಿರಲಿ. ಎರಡು ಹೊತ್ತು ಅರ್ಧರ್ಧ ಗಂಟೆ ನಡಿಗೆ ಬಿಡಬೇಡಿ.

ಇನ್ನು ಛೂ ಬಿಡುವುದು. ಚಿಂದಿ ಆಯುವವರನ್ನು, ಭಿಕ್ಷುಕರನ್ನು, ಗೊತ್ತಿಲ್ಲದವರನ್ನು ಕಂಡಾಗ ಮರಿಯನ್ನು ಹುರಿದುಂಬಿಸುವುದು ಕೆಲವರಿಗೆ ತಮಾಷೆ. ಮನೆಯವರು ಯಾರನ್ನು ಕೀಳಾಗಿ ಕಾಣುತ್ತಾರೋ ಅವರನ್ನು ಅಟ್ಟುವುದನ್ನು ನಾಯಿ ಹೀಗೇ ಕಲಿಯುತ್ತದೆ, ಬೆಳಗಿನ ಜಾವ ಕಸ ಎತ್ತಲು ಬರುವ ಪೌರಕಾರ್ಮಿಕ ಹೆಂಗಸರು ಅದರ ಫಲ ಉಣ್ಣುತ್ತಾರೆ. ಇದನ್ನು ತಡೆಯುವ ಕಾಲ ಮರಿಯ ಮೂರರಿಂದ ಹದಿನಾಲ್ಕನೆಯ ವಾರ. ಲಸಿಕೆ ಮುಗಿಯದಿದ್ದರೆ ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡೇ ತೋರಿಸಿ: ಹಾಲಿನವರು, ಪೇಪರ್ ಹುಡುಗ, ತಲೆ ಮೇಲೆ ಬುಟ್ಟಿ ಹೊತ್ತ ಸೊಪ್ಪಿನವರು, ಹೆಲ್ಮೆಟ್ಟು, ಛತ್ರಿ, ಕೋಲು ಹಿಡಿದ ಮುದುಕರು. ಒಬ್ಬೊಬ್ಬರನ್ನು ಕಂಡಾಗಲೂ ಒಂದು ಚೂರು ತಿಂಡಿ. ಅವರಿಗೂ ಮರಿಯ ಹೆಸರು ಹೇಳಿ. ಸಾಕಿದ ನಾಯಿಯ ಬಗ್ಗೆ ಅಜಾಗ್ರತೆಯಿಂದ ಯಾರದಾದರೂ ಜೀವಕ್ಕೆ ಅಪಾಯ ಅಥವಾ ತೀವ್ರ ಪೆಟ್ಟಾಗುವ ಸಂಭವ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಶಸ್ತ್ರಚಿಕಿತ್ಸೆ "ಪಾಪ" ಎನ್ನುವವರಿಗೆ

ಹೆಣ್ಣುನಾಯಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೊದಲ ಬೆದೆಗೆ ಬರುತ್ತದೆ, ಸುಮಾರು ಮೂರು ವಾರ ಇರುತ್ತದೆ, ಗೇಟಿನ ಮುಂದೆ ಬೀದಿಯ ಗಂಡುಗಳೆಲ್ಲ ಸೇರುತ್ತವೆ. ಒಂದು ಸಲವಾದರೂ ಮರಿ ಹಾಕಲಿ ಎಂಬ ಮಾತಿಗೆ ವೈದ್ಯಕೀಯ ಆಧಾರ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿಸದೆ ಬಿಟ್ಟ ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶ ಕೀವು ತುಂಬುವುದು, ಮೊಲೆಗಡ್ಡೆ ಬರುವುದು ಸಾಮಾನ್ಯ. ಹುಟ್ಟಿದ ಆರು ಮರಿಗಳಲ್ಲಿ ಮನೆ ಸಿಗುವುದು ಒಂದೆರಡಕ್ಕೆ, ಉಳಿದವು ಟೈರಿನಡಿಗೆ. ಪಾಪ ಯಾವುದು ಎಂದು ಮನೆಯವರೇ ತೂಗಿ ನೋಡಲಿ. ಆರರಿಂದ ಒಂಬತ್ತು ತಿಂಗಳೊಳಗೆ ವೈದ್ಯರ ಜೊತೆ ದಿನ ಗೊತ್ತುಮಾಡಿ. ಹಿಂದಿನ ರಾತ್ರಿಯಿಂದ ಊಟವಿಲ್ಲ, ಆಮೇಲೆ ಹತ್ತು ದಿನ ಗಾಯ ನೆಕ್ಕದಂತೆ ಕೊರಳಿಗೆ ಕೋನಿನಾಕಾರದ ಪಟ್ಟಿ ಅಥವಾ ಮೈಗೆ ಹಳೆ ಬನಿಯನ್. ಮರಿಯ ತಾಯಿಯನ್ನೂ ಮರೆಯಬೇಡಿ. ಹಾಲು ಬಿಡಿಸಿದ ಮೇಲೆ ಪಾಲಿಕೆ ಅಥವಾ ಪುರಸಭೆಗೆ ಹೇಳಿ ಅದಕ್ಕೂ ಮಾಡಿಸಿ. ಹಾಗೆ ಮಾಡಿಸಿದ ಬೀದಿನಾಯಿಯ ಕಿವಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಅದೇ ಗುರುತು.

ಬಾಡಿಗೆ ಮನೆ, ಫ್ಲ್ಯಾಟು

ಮನೆ ಮಾಲೀಕರ ಒಪ್ಪಿಗೆ ಬಾಯಿಮಾತಿನದ್ದಾಗಿರಬಾರದು, ಕರಾರುಪತ್ರದಲ್ಲಿ ಒಂದು ಸಾಲು ಬರೆಸಿ. ಅಪಾರ್ಟ್‌ಮೆಂಟ್ ಸಂಘಗಳ ಬಗ್ಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ: ಸಾಕುನಾಯಿಯನ್ನೇ ನಿಷೇಧಿಸುವಂತಿಲ್ಲ, ತಳಿ ಅಥವಾ ಗಾತ್ರ ನೋಡಿ ಬೇಡವೆನ್ನುವಂತಿಲ್ಲ. ಹಾಗೆಂದು ಆ ಕಾಗದವನ್ನೇ ಬೀಸುತ್ತಾ ಹೋದರೆ ನೆರೆಯವರ ಜೊತೆ ಬಾಳುವುದು ಕಷ್ಟ. ಲಿಫ್ಟಿನಲ್ಲಿ ಭಯಪಡುವವರಿದ್ದರೆ ಅವರು ಮೊದಲು ಹೋಗಲಿ. ಕೆಳಗೆ ಯಾರದಾದರೂ ರಂಗೋಲಿ ಇದ್ದರೆ ಸುತ್ತಿ ಹೋಗಿ. ಮಲ ಎತ್ತಲು ಹಳೆಯ ಪೇಪರು, ಚೀಲ ಜೇಬಲ್ಲೇ ಇರಲಿ. ಲಸಿಕೆ ಪುಸ್ತಕದ ಪ್ರತಿಯನ್ನು ಕೇಳುವ ಮುಂಚೆಯೇ ಸಂಘಕ್ಕೆ ಕೊಟ್ಟುಬಿಡಿ.

ಹಲ್ಲು ತಾಗಿದರೆ

ನಿಮ್ಮದೇ ಮರಿಯ ಆಟದ ಹಲ್ಲಾದರೂ ರಕ್ತ ಬಂದರೆ, ಚರ್ಮ ತರಚಿದರೆ ಅಲಕ್ಷ್ಯ ಬೇಡ, ಮರಿಯ ಲಸಿಕೆ ಇನ್ನೂ ಮುಗಿದಿರುವುದಿಲ್ಲ. ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯ ದಿನಗಳು ಮೊದಲ ಚುಚ್ಚುಮದ್ದಿನ ದಿನ, ಅಲ್ಲಿಂದ 3, 7, 28 ದಿನಕ್ಕೆ. ತೋಳಿನ ಸ್ನಾಯುವಿಗೆ ಹಾಕುವ ಪದ್ಧತಿಯಲ್ಲಿ 14ನೆಯ ದಿನವೂ ಸೇರುತ್ತದೆ. ರಕ್ತ ಬಂದ ಗಾಯಕ್ಕೆ ಗಾಯದ ಸುತ್ತ ಬೇರೆ ಚುಚ್ಚುಮದ್ದೂ ಬೇಕು. ರೋಗಲಕ್ಷಣ ಕಂಡ ಮೇಲೆ ರೇಬೀಸಿಗೆ ಚಿಕಿತ್ಸೆಯಿಲ್ಲ, ನಾರು-ಬೇರು, ತಾಯಿತ ನಂಬಿ ಕಳೆದ ದಿನಗಳು ಮರಳಿ ಸಿಗುವುದಿಲ್ಲ.

ಹಬ್ಬ ಮತ್ತು ಊರಿಗೆ ಹೋಗುವ ದಿನ

ದೀಪಾವಳಿಯ ಮೂರು ದಿನ ನಡಿಗೆಯನ್ನು ಸಂಜೆ ಐದರೊಳಗೆ ಮುಗಿಸಿ. ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಅದು ಮಂಚದಡಿ ಸೇರಿದರೆ ಎಳೆದು ತೆಗೆಯಬೇಡಿ. ಹೊರಗಿರುವ ನಾಯಿಯನ್ನೂ ಆ ರಾತ್ರಿ ಒಳಗಿನ ಒಂದು ಕೋಣೆಗೆ ಸೇರಿಸಿ. ಪಟಾಕಿಗೆ ಬೆದರಿ ಸರಪಳಿ ಕಿತ್ತುಕೊಂಡು ಓಡಿದ ನಾಯಿಗೆ ದಾರಿ ಗೊತ್ತಾಗುವುದಿಲ್ಲ. ಕೊರಳಪಟ್ಟಿಯ ಬಿಲ್ಲೆಯಲ್ಲಿ ಫೋನ್ ನಂಬರು ಕೆತ್ತಿಸಿರಬೇಕು.

ಊರಿಗೆ ಹೋಗುವಾಗ ಅಂಗಳದಲ್ಲಿ ಎರಡು ದಿನದ ಅನ್ನ ಇಟ್ಟು ಗೇಟು ಹಾಕಿ ಹೋಗುವುದು ಬೇಡ. ಮೊದಲ ಗಂಟೆಯಲ್ಲೇ ಇರುವೆ, ಕಾಗೆ ಸೇರಿ ಮುಗಿಸುತ್ತವೆ. ದಿನಕ್ಕೆರಡು ಸಲ ಬಂದು ಹೋಗುವ ಒಬ್ಬರನ್ನು ಗೊತ್ತುಮಾಡಿ, ಹೊರಡುವ ವಾರಕ್ಕೆ ಮುಂಚೆ ಅವರ ಕೈಯಿಂದಲೇ ನಾಲ್ಕು ಹೊತ್ತು ಊಟ ಹಾಕಿಸಿ. ಒಂದು ಹಾಳೆಯಲ್ಲಿ ಊಟದ ಅಳತೆ, ಪಶುವೈದ್ಯರ ನಂಬರು, ಪಶು ಸಂಜೀವಿನಿ ಸಹಾಯವಾಣಿ 1962 ಬರೆದು ಬಾಗಿಲ ಹಿಂದೆ ಅಂಟಿಸಿ. ಗೇಟಿನ ಚಿಲಕ ಎರಡು ಸಲ ಎಳೆದು ನೋಡಬೇಕೆಂಬುದನ್ನೂ ಅದರಲ್ಲೇ ಬರೆಯಿರಿ.